ಇಂಗ್ಲಿಷು ಪ್ರಬಂಧದ ಅಂಗವಿಚಾರ

ನಮ್ಮ ಈ ಮಾಸಪತ್ರಿಕೆಯಲ್ಲಿ ಕಾವ್ಯನಾಟಕಾದಿಗಳ ವಿಮರ್ಶೆ ನಡೆಯುವುದು ವಾಡಿಕೆಯಾಗಿದೆ. ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಬರೆಯುವ ಇಂಗ್ಲಿಷು ಪ್ರಬಂಧವೂ ವಿಮರ್ಶೆಗೆ ತಕ್ಕ ಪದಾರ್ಥವೇ ಎಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಕಾವ್ಯವನ್ನು ಬರೆಯುವವರು ನಮ್ಮ ಜಿಲ್ಲೆಯಲ್ಲಿ ಬೆರಳಲ್ಲಿ ಎಣಿಸುವಷ್ಟು ಮಂದಿ. ಇಂಗ್ಲಿಷಿನಲ್ಲಿ ಒಂದಾದರೂ ಪ್ರಬಂಧವನ್ನು ಬರೆಯದೆ ಹತ್ತನೆಯ ತರಗತಿಯನ್ನು ದಾಟಿದವರಾದರೋ ಬಹಳ ವಿರಳ. ಇಷ್ಟು ಜನರು ಬರೆಯುವ, ಆದರೆ ಯಾರೂ ತಾವಾಗಿ ಓದಲಿಚ್ಛಿಸದ ಗದ್ಯಪ್ರಕಾರವು ಇನ್ನೊಂದಿದೆಯೆ? ಅದನ್ನು ಓದುವವನು ಪರೀಕ್ಷಕನೊಬ್ಬನೇ. ಅವನಾದರೂ ಒಂದು ಉತ್ತರಪತ್ರಿಕೆಗೆ ಇಷ್ಟು ಎಂಬ ಸಂಭಾವನೆಗಾಗಿ ಓದತಕ್ಕವನು. ಬರೆದವನಿಗೂ ಓದಿದವನಿಗೂ ರುಚಿಸದ ವಸ್ತುವು ತಲೆಮಾರುಗಳ ಕಾಲ ಬಾಳಿಕೊಂಡು ಬಂದಿರುವಾಗ ಅದರ ಕಾರಣವನ್ನು ವಿಚಾರಿಸುವುದು ವಿಮರ್ಶಕನ ಕೆಲಸವೆಂದೇ ನಾನು ತಿಳಿದಿದ್ದೇನೆ.

ಈ ವಿಚಾರಕ್ಕೆ ನನ್ನ ಅಧಿಕಾರವೇನೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಬಾಲ್ಯದಲ್ಲಿ ನಾನು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಇಂಗ್ಲಿಷು ನನಗೆ ತಡವಾಗಿ ಬಂದ ಭಾಷೆ. ಕನ್ನಡ ಸಂಸ್ಕೃತಗಳನ್ನು ಬೋಧಿಸುವುದಕ್ಕೆಂದು ಹೈಸ್ಕೂಲಿಗೆ ಸೇರಿದವನು, ಇಂಗ್ಲಿಷು ಮಾಸ್ತರರಿಲ್ಲದ ವರ್ಷಗಳಲ್ಲಿ ಆ ಪಾಠವನ್ನೂ ಹೊತ್ತುಕೊಂಡೆನು. ಆದುದರಿಂದ ಪ್ರಬಂಧದ ಚೌಕಟ್ಟನ್ನು ನಾನು ಕಲಿತದ್ದೂ ಕಲಿಸಿದ್ದೂ ಏಕಕಾಲದಲ್ಲಿ. ಮುಂದೆ ಹೇಳುವ ದೋಷಗಳಲ್ಲಿ ನನ್ನ ಪಾಲು ಇಲ್ಲವೆಂದು ಯಾರೂ ಭಾವಿಸಬಾರದು.

ಚೌಕಟ್ಟು ಎಲ್ಲರಿಗೂ ತಿಳಿದದ್ದೇ. ಇಂಟ್ರೊಡಕ್ಷನ್, ಬಾಡಿ, ಕನ್‌ಕ್ಲೂಷನ್ ಎಂದು ಮೂರು ಅಂಗಗಳು. ಕನ್ನಡ ಪ್ರಬಂಧಕ್ಕೆ ಬಂದಾಗ ಇವನ್ನೇ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕರೆಯುತ್ತೇವೆ. ಗ್ರಂಥಾಲಯವೆಂಬ ವಿಷಯವು ಪ್ರಶ್ನೆಪತ್ರಿಕೆಯಲ್ಲಿ ಬಂದಿತೆನ್ನಿ. ಗೈಡುಗಳನ್ನು ಬಾಯಿಪಾಠ ಮಾಡಿದ ಹುಡುಗನು ಮೊದಲನೆಯ ಪ್ಯಾರಾದಲ್ಲಿ ಗ್ರಂಥಾಲಯವು ಜ್ಞಾನದ ಭಂಡಾರವೆನ್ನುವನು. ಎರಡನೆಯದರಲ್ಲಿ ಶಾಲೆಯದು, ಸಾರ್ವಜನಿಕರದು, ಸಂಚಾರಿ ಎಂದು ಅದರ ಭೇದಗಳನ್ನೆಣಿಸಿ ಪ್ರಯೋಜನಗಳನ್ನು ಪಟ್ಟಿಮಾಡುವನು. ಮೂರನೆಯದರಲ್ಲಿ, ಹೀಗೆ ಗ್ರಂಥಾಲಯವು ಜ್ಞಾನದ ಭಂಡಾರವಾದುದರಿಂದ ನಾವೆಲ್ಲರೂ ಅದರ ಸದುಪಯೋಗವನ್ನು ಪಡೆಯಬೇಕೆಂದು ಮುಗಿಸುವನು. ಗ್ರಂಥಾಲಯವೆಂಬ ಮಾತನ್ನು ತೆಗೆದು ಅಲ್ಲಿ ವೃತ್ತಪತ್ರಿಕೆಯನ್ನೋ ಕಂಪ್ಯೂಟರನ್ನೋ ಇಟ್ಟರೂ ಹೆಚ್ಚಿನ ವಾಕ್ಯಗಳು ಅಲುಗುವುದಿಲ್ಲ. ಇದೇ ನನ್ನ ಮುಖ್ಯವಾದ ಆಕ್ಷೇಪ. ಬರಹಕ್ಕೆ ಅಂಗಗಳಿರಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಈ ಅಂಗಗಳಾದರೋ ಸಂತೆಯಲ್ಲಿ ತೂಗುಹಾಕಿದ ಅಂಗಿಯಂತೆ ಯಾರ ಮೈಗಾದರೂ ಆಗತಕ್ಕವು, ಯಾರ ಮೈಗೂ ಒಪ್ಪತಕ್ಕವಲ್ಲ.

ಇಲ್ಲಿ ಸ್ವಲ್ಪ ಶಬ್ದವಿಚಾರವನ್ನು ಮಾಡುತ್ತೇನೆ. ಪಾಠಶಾಲೆಯ ಹಳೆಯ ಚಪಲವೆಂದು ವಾಚಕರು ಕ್ಷಮಿಸಬೇಕು. ಪ್ರಬಂಧವೆಂದರೆ ಚೆನ್ನಾಗಿ ಕಟ್ಟಲ್ಪಟ್ಟದ್ದು. ಬಂಧವೇ ಅದರ ಜೀವ. ಇಂಗ್ಲಿಷಿನ ಎಸ್ಸೇ ಎಂಬ ಶಬ್ದವು ಫ್ರೆಂಚಿನಿಂದ ಬಂದದ್ದು. ಪ್ರಯತ್ನ, ಪರೀಕ್ಷಿಸಿ ನೋಡುವಿಕೆ ಎಂದು ಅದರ ಅರ್ಥ. ಅದಕ್ಕೂ ಹಿಂದಿನ ಲ್ಯಾಟಿನ್ ಮೂಲಕ್ಕೆ ತೂಗುವಿಕೆಯೆಂಬ ಅರ್ಥವುಂಟು. ತೂಗಿನೋಡುವ ಕೆಲಸಕ್ಕೆ ನಾವು ಕಟ್ಟುವ ಕೆಲಸದ ಹೆಸರನ್ನಿಟ್ಟೆವು. ಹೆಸರಿನಿಂದಲೇ ಕೆಟ್ಟಿತೆಂದು ನಾನು ವಾದಿಸುವುದಿಲ್ಲ. ಇಂಗ್ಲಿಷಿನ ನಾಡಿನಲ್ಲಿಯೂ ಶಾಲೆಯವರು ತಕ್ಕಡಿಯನ್ನು ಬಿಟ್ಟು ಹಗ್ಗವನ್ನೇ ಹಿಡಿದಿದ್ದಾರೆ.

ಈ ಹೆಸರನ್ನು ಮೊದಲು ಗ್ರಂಥಕ್ಕೆ ಇಟ್ಟವನು ಫ್ರಾನ್ಸಿನ ಮಾಂಟೇನ್. ನ್ಯಾಯಸ್ಥಾನದ ಉದ್ಯೋಗವನ್ನು ಬಿಟ್ಟು ತನ್ನ ಮನೆಯ ಗೋಪುರದಲ್ಲಿದ್ದ ಪುಸ್ತಕಶಾಲೆಯಲ್ಲಿ ಕುಳಿತು ಬರೆದು, 1580ರಲ್ಲಿ ಮೊದಲೆರಡು ಭಾಗಗಳನ್ನೂ 1588ರಲ್ಲಿ ಮೂರನೆಯದನ್ನೂ ಅವನು ಪ್ರಕಟಿಸಿದನು. ಮೂರನೆಯ ಭಾಗದಲ್ಲಿ ಗಾಡಿಗಳನ್ನು ಕುರಿತು ಎಂಬ ಬರಹವೊಂದಿದೆ. ನಮ್ಮ ಪರೀಕ್ಷಕನು ಅದನ್ನು ಕಂಡರೆ ವಿಷಯಾಂತರವೆಂದು ಕೆಂಪು ಗೆರೆ ಎಳೆಯುವುದು ನಿಶ್ಚಯ. ಸೀನಿದವರಿಗೆ ಒಳ್ಳೆಯದಾಗಲೆಂದು ಹರಸುವುದೇಕೆಂಬ ಪ್ರಶ್ನೆ ಬರುತ್ತದೆ. ಹಡಗಿನಲ್ಲಿ ಹೊಟ್ಟೆ ತೊಳಸುವುದು ಬರುತ್ತದೆ. ಅರಸರ ದುಂದುವೆಚ್ಚ, ರೋಮಿನ ಪ್ರದರ್ಶನಗಳು, ಅಲ್ಲಿಂದ ಮೆಕ್ಸಿಕೋ ಪೆರು ದೇಶಗಳಲ್ಲಿ ಸ್ಪೇನಿನವರು ಮಾಡಿದ ಕ್ರೌರ್ಯ. ಗಾಡಿಯೆಲ್ಲಿ ಹೋಯಿತೆಂದು ಓದುವವನು ಕೇಳುವಷ್ಟರಲ್ಲಿ, ಚಿನ್ನದ ಪೀಠದ ಮೇಲೆ ಹೊತ್ತು ಒಯ್ಯಲ್ಪಡುತ್ತಿದ್ದ ಪೆರುವಿನ ದೊರೆಯನ್ನು ಕುದುರೆ ಸವಾರನೊಬ್ಬನು ಹಿಡಿದು ನೆಲಕ್ಕೆಳೆದನೆಂಬಲ್ಲಿ ಬರಹವು ನಿಂತುಬಿಡುತ್ತದೆ. ಆಗ ತಿಳಿಯುತ್ತದೆ, ಮೊದಲಿನಿಂದಲೂ ವಾಹನವೇ ವಿಷಯವಾಗಿತ್ತೆಂದು. ಏರಿದವನು ಯಾರು, ಹೊತ್ತವನು ಯಾರು ಎಂಬುದನ್ನೇ ಅವನು ತೂಗುತ್ತಿದ್ದನೆಂದು. ಇಲ್ಲಿ ಉಪಸಂಹಾರವೆಂಬ ಶಿರೋನಾಮೆಯಿಲ್ಲ, ಆರಂಭದ ಪುನರುಕ್ತಿಯೂ ಇಲ್ಲ. ಆದರೂ ಉಪಕ್ರಮವು ಉಪಸಂಹಾರದಲ್ಲಿ ಬಂದು ಸೇರಿದೆ.

ಇಂಗ್ಲಿಷಿನಲ್ಲಿ ಬೇಕನ್ ಮಹಾಶಯನದು ಬೇರೆ ರೀತಿ. 1597ರಲ್ಲಿ ಹತ್ತು ಪ್ರಬಂಧಗಳಿದ್ದ ಅವನ ಪುಸ್ತಕವು 1625ರ ಹೊತ್ತಿಗೆ ಐವತ್ತೆಂಟಕ್ಕೆ ಬೆಳೆಯಿತು. ಅಧ್ಯಯನವನ್ನು ಕುರಿತ ಅವನ ಪ್ರಬಂಧವನ್ನು ನಮ್ಮಲ್ಲಿ ಹಿರಿಯರನೇಕರು ಪಠ್ಯಪುಸ್ತಕದಲ್ಲಿ ಓದಿರಬಹುದು. ಮೊದಲ ವಾಕ್ಯದಲ್ಲಿಯೇ ಅಧ್ಯಯನದ ಪ್ರಯೋಜನಗಳು ಮೂರೆಂದು ವಿಂಗಡಿಸುತ್ತಾನೆ, ಪೀಠಿಕೆಯಿಲ್ಲ. ಕೊನೆಗೆ, ದೇಹದ ಒಂದೊಂದು ರೋಗಕ್ಕೆ ಒಂದೊಂದು ವ್ಯಾಯಾಮವಿರುವಂತೆ ಬುದ್ಧಿಯ ಒಂದೊಂದು ಕೊರತೆಗೆ ಒಂದೊಂದು ವಿದ್ಯೆಯಿದೆಯೆಂದು ಹೇಳಿ, ವೈದ್ಯನು ಔಷಧ ಕೊಟ್ಟು ಎದ್ದುಹೋಗುವಂತೆ ಎದ್ದುಹೋಗುತ್ತಾನೆ. ನಮ್ಮ ಅಂಕಪಟ್ಟಿಯ ಪ್ರಕಾರ ಪೀಠಿಕೆ ಉಪಸಂಹಾರಗಳ ಅಂಕಗಳೆರಡೂ ಬೇಕನ್ನನಿಗೆ ನಷ್ಟ.

ಹಾಗಾದರೆ ಶಾಲೆಯ ಚೌಕಟ್ಟು ಎಲ್ಲಿಂದ ಬಂದಿತು? ಆದಿ ಮಧ್ಯ ಅಂತ್ಯಗಳ ವಿಭಾಗವು ಗ್ರೀಕರಷ್ಟು ಹಳೆಯದು, ಅದನ್ನು ಬಿಡೋಣ. ಕಂಡಿಕೆಗೆ ನಿಯಮಗಳನ್ನು ಮಾಡಿದವರಲ್ಲಿ ಪ್ರಮುಖನು ಸ್ಕಾಟ್ಲೆಂಡಿನ ಆಬರ್ಡೀನ್ ನಗರದ ಅಲೆಗ್ಸಾಂಡರ್ ಬೇನ್. ನೇಕಾರನ ಮಗ, ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಟ್ಟು ತಾನೂ ಮಗ್ಗದ ಮುಂದೆ ಕುಳಿತವನು, ಸ್ವಂತ ಶ್ರಮದಿಂದ ಓದಿ 1860ರಲ್ಲಿ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ತರ್ಕಕ್ಕೂ ಇಂಗ್ಲಿಷಿಗೂ ಪ್ರಾಧ್ಯಾಪಕನಾದನು. 1866ರಲ್ಲಿ ಅವನು ಪ್ರಕಟಿಸಿದ ರಚನಾಶಾಸ್ತ್ರದ ಕೈಪಿಡಿಯಲ್ಲಿ, ಕಂಡಿಕೆಯ ಮೊದಲ ವಾಕ್ಯವು ವಿಷಯವನ್ನು ಸೂಚಿಸಬೇಕು, ಪ್ರತಿಯೊಂದು ವಾಕ್ಯಕ್ಕೂ ಹಿಂದಿನದರೊಡನೆ ಸಂಬಂಧವು ಸ್ಪಷ್ಟವಾಗಿರಬೇಕು, ವಿಷಯಾಂತರ ಕೂಡದು ಎಂಬ ನಿಯಮಗಳಿವೆ. ಈ ನಿಯಮಗಳನ್ನು ನಾನು ಹಳಿಯಲಾರೆ. ಬೇನನ ಮುಂದೆ ಕುಳಿತ ಹುಡುಗರಲ್ಲಿ ಬಹುಮಂದಿ ಸಣ್ಣ ಊರುಗಳಿಂದ ಬಂದು ಇಂಗ್ಲಿಷು ಬರವಣಿಗೆಯಲ್ಲಿ ಹಿಂದುಳಿದವರು. ಅಂಥವರ ಕೈಗೆ ಹಿಡಿದುಕೊಳ್ಳಲು ಏನನ್ನಾದರೂ ಕೊಡಬೇಕೆಂಬ ಕಳವಳವು ಉಪಾಧ್ಯಾಯನಾದವನಿಗೆ ಅರ್ಥವಾಗುತ್ತದೆ.

ನಿಯಮವು ಪರೀಕ್ಷೆಯೊಡನೆ ಸೇರಿದಾಗ ಅದರ ಸ್ವಭಾವವೇ ಬದಲಾಯಿತು. ನಮ್ಮ ದೇಶದಲ್ಲಿ 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದವು. 1916ರಲ್ಲಿ ಮೈಸೂರಿಗೆ ಸ್ವಂತ ವಿಶ್ವವಿದ್ಯಾಲಯ ಬರುವವರೆಗೆ ಇತ್ತಲಿನವರು ಮದರಾಸಿನ ಪ್ರಶ್ನೆಗಳಿಗೂ ಧಾರವಾಡದ ಕಡೆಯವರು ಮುಂಬಯಿಯ ಪ್ರಶ್ನೆಗಳಿಗೂ ಉತ್ತರ ಬರೆಯಬೇಕಾಗಿತ್ತು. ಇಂಗ್ಲಿಷಿನ ಬರವಣಿಗೆ ಉದ್ಯೋಗದ ಬಾಗಿಲಾಯಿತು. ಬಾಗಿಲಿನ ಅಳತೆ ತಿಳಿದಮೇಲೆ ಜನರು ಅಷ್ಟಕ್ಕೇ ಬಗ್ಗುವುದನ್ನು ಕಲಿಯುವುದು ಸಹಜ.

ಇದು ಪರಾಧೀನದೇಶದ ರೋಗವೆಂದು ಯಾರಾದರೂ ಹೇಳಿಯಾರು. ಹಾಗಲ್ಲವೆಂಬುದಕ್ಕೆ ಅಮೆರಿಕದ ನಿದರ್ಶನವಿದೆ. ಅಲ್ಲಿನ ಮಕ್ಕಳಿಗೆ ಇಂಗ್ಲಿಷು ಮನೆಮಾತು. ಆದರೂ ಐದು ಪ್ಯಾರಾಗಳ ಪ್ರಬಂಧವೆಂಬುದು ಅಲ್ಲಿ ಮನೆಮನೆಗೂ ಗೊತ್ತಿರುವ ಸಂಗತಿ: ಒಂದು ಪೀಠಿಕೆ, ಮೂರು ಕಾರಣಗಳು, ಒಂದು ಉಪಸಂಹಾರ. ಕಾಲೇಜಿಗೆ ಸೇರುವವರ ಎಸ್.ಎ.ಟಿ. ಪರೀಕ್ಷೆಯಲ್ಲಿ 2005ರಿಂದ ಇಪ್ಪತ್ತೈದು ನಿಮಿಷಗಳ ಪ್ರಬಂಧವೊಂದನ್ನು ಸೇರಿಸಿದರು. ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಬರವಣಿಗೆಯ ಬೋಧನೆಯನ್ನು ನಡೆಸುತ್ತಿದ್ದ ಲೆಸ್ ಪೆರೆಲ್ಮನ್ ಎಂಬವರು, ಅಂಕ ಸಮೇತವಾಗಿ ಪ್ರಕಟವಾದ ಮಾದರಿಗಳನ್ನು ಪರಿಶೀಲಿಸಿ, ಓದದೆ ಕೇವಲ ಉದ್ದವನ್ನು ನೋಡಿದರೂ ಬಹುಪಾಲು ಅಂಕಗಳನ್ನು ಊಹಿಸಬಹುದೆಂದು ಅದೇ ವರ್ಷ ತೋರಿಸಿದರು. ಸಂಗತಿಗಳಲ್ಲಿ ತಪ್ಪಿದ್ದರೂ ಅಂಕ ಕಡಿಯುತ್ತಿರಲಿಲ್ಲ. ಮುಂದೆ 2014ರಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಅರ್ಥವಿಲ್ಲದ ಪ್ರಬಂಧಗಳನ್ನು ಹೊಸೆಯುವ ಯಂತ್ರವ್ಯವಸ್ಥೆಯೊಂದನ್ನು ರಚಿಸಿದರು. ಅಂಕ ಕೊಡುವ ಯಂತ್ರಗಳು ಆ ಪ್ರಲಾಪಕ್ಕೆ ಉತ್ತಮ ಅಂಕಗಳನ್ನಿತ್ತವು. ಎಸ್.ಎ.ಟಿ.ಯ ಪ್ರಬಂಧವನ್ನು 2016ರಲ್ಲಿ ಐಚ್ಛಿಕ ಮಾಡಿ, 2021ರಲ್ಲಿ ಕೆಲವೆಡೆಗಳ ಹೊರತು ಕೈಬಿಟ್ಟರು. ಯಂತ್ರವು ಬರೆಯಬಹುದಾದದ್ದನ್ನು ಮಕ್ಕಳಿಂದ ಬರೆಯಿಸಿ, ಯಂತ್ರವು ತಿದ್ದಬಹುದಾದ ರೀತಿಯಲ್ಲಿ ನಾವು ತಿದ್ದುತ್ತಿದ್ದೇವೆಯೆ ಎಂಬ ಶಂಕೆಯು ನನಗಂತೂ ಅಲ್ಲಿಂದ ಹುಟ್ಟಿತು.

ಶಂಕೆಯೆನ್ನುವುದಕ್ಕಿಂತ ಅಪರಾಧಭಾವವೆಂದರೆ ಸರಿ. ಒಂದು ವರ್ಷ ಮೌಲ್ಯಮಾಪನ ಕೇಂದ್ರದಲ್ಲಿ ನನ್ನ ಕಟ್ಟಿಗೆ ಬಂದ ಉತ್ತರಪತ್ರಿಕೆಗಳಲ್ಲಿ ಜಲಸಂರಕ್ಷಣೆಯ ಪ್ರಬಂಧವಿತ್ತು. ನೀರು ಅಮೂಲ್ಯ, ನೀರಿಲ್ಲದೆ ಜೀವವಿಲ್ಲ ಎಂಬ ಒಕ್ಕಣೆಯನ್ನು ಬೆಳಗಿನಿಂದ ಓದಿ ಓದಿ ಕಣ್ಣು ಮಂಜಾಗಿತ್ತು. ಆ ನಡುವೆ ಒಂದು ಪತ್ರಿಕೆಯು ನೇರವಾಗಿ ಬೀದಿಯ ನಲ್ಲಿಯಿಂದ ಆರಂಭವಾಯಿತು. ತಮ್ಮ ಬೀದಿಗೆ ಇರುವುದು ಒಂದೇ ನಲ್ಲಿ. ದಿನ ಬಿಟ್ಟು ದಿನ ನಸುಕಿನಲ್ಲಿ ನೀರು ಬರುತ್ತದೆ. ತಾಯಿ ಎಬ್ಬಿಸಿ ಕೊಡ ಕೊಟ್ಟು ಕಳುಹಿಸುತ್ತಾಳೆ. ಪಠ್ಯಪುಸ್ತಕವು ಹಲ್ಲುಜ್ಜುವಾಗ ನಲ್ಲಿಯನ್ನು ನಿಲ್ಲಿಸಿರಿ ಎನ್ನುತ್ತದೆ, ನಿಲ್ಲಿಸುವುದಕ್ಕೆ ಮನೆಯಲ್ಲಿ ನಲ್ಲಿಯೇ ಇಲ್ಲವಲ್ಲ, ಹಾಗಾದರೆ ಉಳಿಸತಕ್ಕವರು ಯಾರು? ಇಂಗ್ಲಿಷು ಹರಕಾಗಿತ್ತು, ಕಾಲವಾಚಕಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಪೀಠಿಕೆಗೆ ಇಷ್ಟು, ಅಂಶಗಳಿಗೆ ಇಷ್ಟು, ಉಪಸಂಹಾರಕ್ಕೆ ಇಷ್ಟು ಎಂದು ನನ್ನ ಮುಂದೆ ಹಾಳೆಯಿತ್ತು. ಪೀಠಿಕೆಯಿಲ್ಲ, ಉಪಸಂಹಾರವಿಲ್ಲ. ಅರ್ಧಕ್ಕಿಂತ ಕಡಿಮೆ ಅಂಕ ಹಾಕಿ ಹಾಳೆ ಮಗುಚಿದೆನು. ಆ ಮಗು ಯಾರು, ಯಾವ ಊರು ಎಂಬುದು ಪರೀಕ್ಷಕನಿಗೆ ತಿಳಿಯುವ ಹಾಗಿಲ್ಲ. ಆ ದಿನ ಓದಿದ ನೂರಾರು ವಾಕ್ಯಗಳಲ್ಲಿ ಈಗ ನೆನಪಿರುವುದು ಆ ನಲ್ಲಿಯದು ಮಾತ್ರ.

ಆ ಬರಹಕ್ಕೆ ಅಂಗವಿನ್ಯಾಸವಿರಲಿಲ್ಲವೆಂದು ಅಂದು ತಿಳಿದೆನು. ಪಾಠಶಾಲೆಯಲ್ಲಿ ಕಲಿತದ್ದನ್ನು ನೆನೆಸಿಕೊಂಡಿದ್ದರೆ ಹಾಗೆ ತಿಳಿಯುತ್ತಿರಲಿಲ್ಲ. ಮೀಮಾಂಸಕರ ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ವಿಷಯವನ್ನು ಹೇಳಿದೊಡನೆಯೇ ಸಂಶಯವನ್ನು ಹೇಳಬೇಕು. ಸಂಶಯವಿಲ್ಲದಿದ್ದರೆ ವಿಚಾರವನ್ನು ಆರಂಭಿಸತಕ್ಕದ್ದೇ ಅಲ್ಲ. ನಮ್ಮ ಪರೀಕ್ಷೆಯ ಪ್ರಬಂಧವು ವಿಷಯದಿಂದ ನೇರವಾಗಿ ಸಿದ್ಧಾಂತಕ್ಕೆ ಹಾರುತ್ತದೆ. ಗ್ರಂಥಾಲಯವು ಒಳ್ಳೆಯದೆಂಬುದರಲ್ಲಿ ಯಾರಿಗೂ ಸಂಶಯವಿಲ್ಲವೆಂದು ಗ್ರಹಿಸಿದಮೇಲೆ ಅದನ್ನು ಮೂರು ಪ್ಯಾರಾಗಳಲ್ಲಿ ಸಾಧಿಸುವುದೇತಕ್ಕೆ? ನಲ್ಲಿಯ ಮಗುವಿನ ಬರಹದಲ್ಲಿ ವಿಷಯವಿತ್ತು, ಸಂಶಯವಿತ್ತು, ಉಳಿಸಿರೆಂಬ ಪುಸ್ತಕದ ಮಾತೇ ಪೂರ್ವಪಕ್ಷವಾಗಿ ನಿಂತಿತ್ತು. ಸಿದ್ಧಾಂತವೊಂದು ಅಪೂರ್ಣ, ಅದಕ್ಕೆ ಹೊತ್ತು ಸಾಲದಾಯಿತೋ ಭಾಷೆ ಸಾಲದಾಯಿತೋ.

ಉಪಸಂಹಾರದ ವಿಷಯದಲ್ಲಿಯೂ ಒಂದು ಮಾತಿದೆ. ನೈಯಾಯಿಕರು ಪರರಿಗೆ ತಿಳಿಸುವ ಅನುಮಾನಕ್ಕೆ ಪ್ರತಿಜ್ಞೆಯಿಂದ ನಿಗಮನದವರೆಗೆ ಐದು ಅವಯವಗಳನ್ನು ಹೇಳುತ್ತಾರೆ. ನಿಗಮನದಲ್ಲಿ ಪ್ರತಿಜ್ಞೆಯೇ ಮರಳಿ ಬರುತ್ತದೆಂಬುದು ನಿಜ. ಆದರೆ ಹೇತುವಿನ ಬಲವನ್ನು ಹೊತ್ತುಕೊಂಡು, ಆದುದರಿಂದ ಎಂಬ ಮಾತಿನೊಡನೆ ಬರುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋದವನು ಬರುವಾಗ ಬುತ್ತಿ ತಂದಂತೆ. ಅಷ್ಟಾದರೂ ಮೀಮಾಂಸಕರು ಒಪ್ಪಲಿಲ್ಲ. ಐದರಲ್ಲಿ ಮೊದಲಿನ ಮೂರೋ ಕೊನೆಯ ಮೂರೋ ಸಾಕು, ಎರಡು ಸಲ ಹೇಳುವುದೇಕೆಂದರು. ಪರೀಕ್ಷೆಯ ಹುಡುಗನ ಹೀಗೆ ಎಂಬ ಮಾತಿನ ಹಿಂದೆ ಹೇತುವೂ ಇಲ್ಲ, ಬುತ್ತಿಯೂ ಇಲ್ಲ.

ಆಕ್ಷೇಪಿಸುವುದು ಸುಲಭ, ಕಲಿಸಿ ತೋರಿಸೆಂದು ಯಾರಾದರೂ ಅಂದರೆ ನ್ಯಾಯವೇ. ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಹತ್ತನೆಯ ತರಗತಿಯಲ್ಲಿದ್ದಾಳೆ. ಗ್ರಂಥಾಲಯದ ಮೇಲಿನ ಪ್ರಬಂಧವನ್ನು ತೋರಿಸಲು ತಂದಿದ್ದಳು, ಗೈಡಿನದೇ. ಅದನ್ನು ಬದಿಗಿಡಿಸಿ, ಗ್ರಂಥಾಲಯದ ವಿಷಯದಲ್ಲಿ ನಿನಗೆ ನಿಜವಾಗಿ ತಿಳಿಯದೆ ಇರುವುದೇನಮ್ಮಾ ಎಂದು ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಾತ, ಎಲ್ಲಾ ಮೊಬೈಲಿನಲ್ಲೇ ಸಿಗುವಾಗ ಅಲ್ಲಿಗೆ ಯಾಕೆ ಹೋಗಬೇಕು ಅನ್ನೋದೇ ಗೊತ್ತಿಲ್ಲ’ ಎಂದಳು. ಇದೇ ಸಂಶಯ, ಇದನ್ನೇ ಮೊದಲ ವಾಕ್ಯವಾಗಿ ಬರೆಯೆಂದೆನು. ಪೂರ್ವಪಕ್ಷವನ್ನು ಬಲವಾಗಿ ಹೇಳಬೇಕು, ಎದುರಾಳಿಯನ್ನು ಮೊದಲೇ ಕುಂಟನನ್ನಾಗಿ ಮಾಡಿ ಗೆಲ್ಲಬಾರದು ಎಂದು ತಿಳಿಸಿದೆನು. ಅವಳು ಬರೆದದ್ದು ಹೀಗೆ: ಮೊಬೈಲಿನಲ್ಲಿ ಪಾಠವಿದೆ, ನಿಘಂಟುವಿದೆ, ನಡೆದು ಹೋಗಬೇಕಾಗಿಲ್ಲ, ಬಾಗಿಲು ಮುಚ್ಚುವುದಿಲ್ಲ. ಆಮೇಲೆ ಉತ್ತರಗಳು ತಾವಾಗಿ ಬಂದವು. ಮನೆಯಲ್ಲಿ ಮೊಬೈಲು ಒಂದೇ, ಅದು ಸಂಜೆಯವರೆಗೆ ಅಪ್ಪನ ಜೇಬಿನಲ್ಲಿ. ಬಂದ ಮೇಲೆ ತಮ್ಮನು ಬಿಡುವುದಿಲ್ಲ. ಮೊಬೈಲಿನಲ್ಲಿ ಕೇಳಿದ್ದು ಮಾತ್ರ ಸಿಗುತ್ತದೆ. ಪಂಚಾಯತಿಯ ಅರಿವು ಕೇಂದ್ರದ ಕಪಾಟಿನಲ್ಲಿ ಕೇಳದ ಪುಸ್ತಕವೂ ಕೈಗೆ ಬರುತ್ತದೆ, ಹಾಗೆ ಒಮ್ಮೆ ಹಕ್ಕಿಗಳ ಪುಸ್ತಕ ಬಂದಿತ್ತು. ಕೊನೆಗೆ ಏನು ಬರೆಯಲಿ ಎಂದಳು. ಇಷ್ಟು ತೂಗಿದ ಮೇಲೆ ನಿನಗೆ ಬೇಕಾದದ್ದೇನೆಂದು ಕೇಳಿದೆನು. ಶಾಲೆ ಬಿಡುವ ಹೊತ್ತಿಗೆ ತಮ್ಮೂರಿನ ಕೇಂದ್ರದ ಬಾಗಿಲು ಮುಚ್ಚಿರುತ್ತದೆ, ಸಂಜೆ ಇನ್ನೊಂದು ಗಂಟೆ ತೆರೆದಿರಬೇಕು ಎಂದಳು. ನಿಗಮನವೆಂದರೆ ಇದು. ಆರಂಭದಲ್ಲಿ ಇರದಿದ್ದ, ಆದರೆ ಆರಂಭವಿಲ್ಲದೆ ಹುಟ್ಟಲಾರದ ಮಾತು.

ಇದಕ್ಕೆಲ್ಲ ಪರೀಕ್ಷೆಯಲ್ಲಿ ಹೊತ್ತೆಲ್ಲಿದೆ ಎಂಬ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಗಳಾಗಿದ್ದವರು ಕೇಳಿಯೇ ಕೇಳುತ್ತಾರೆ. ಪ್ರಬಂಧಕ್ಕೆ ಇಪ್ಪತ್ತು ನಿಮಿಷ ಸಿಕ್ಕಿದರೆ ಹೆಚ್ಚು. ಅದರಲ್ಲಿ ಮೂರು ನಿಮಿಷವನ್ನು ಸಂಶಯಕ್ಕೂ ಪೂರ್ವಪಕ್ಷಕ್ಕೂ ಮೀಸಲಿಟ್ಟು, ಹಾಳೆಯ ಕೊನೆಯಲ್ಲಿ ಎರಡೆರಡು ಪದಗಳಲ್ಲಿ ಗುರುತು ಹಾಕಿಕೊಂಡರೆ ಸಾಕು. ಉಳಿದ ಹೊತ್ತಿನಲ್ಲಿ ಯೋಚಿಸಬೇಕಾದ ಕಷ್ಟ ಕಡಿಮೆಯಾಗುತ್ತದೆ. ಇನ್ನೊಂದು ಆಕ್ಷೇಪವು ಇದಕ್ಕಿಂತ ಗಟ್ಟಿಯಾದದ್ದು. ನಾಲ್ಕು ಇಂಗ್ಲಿಷು ವಾಕ್ಯಗಳನ್ನು ಕೂಡಿಸಲಾರದ ಮಗುವಿಗೆ ಬಾಯಿಪಾಠದ ಪೀಠಿಕೆಯೇ ಊರುಗೋಲು. ಅದನ್ನು ಕಿತ್ತುಕೊಂಡರೆ ಅವನು ಬರಿಯ ಹಾಳೆಯನ್ನು ಕೊಟ್ಟು ಹೊರಗೆ ಬರುವನು, ಅನುತ್ತೀರ್ಣನಾಗುವನು, ಓದು ಬಿಡುವನು. ಇದು ನಿಜ. ಹಾಗೆ ಓದು ಬಿಟ್ಟವರನ್ನು ನಾನು ಕಂಡಿದ್ದೇನೆ. ಆದುದರಿಂದ ಊರುಗೋಲನ್ನು ಕಿತ್ತುಕೊಳ್ಳಿರೆಂದು ನಾನು ಹೇಳಲಾರೆ. ನನ್ನ ಪ್ರಾರ್ಥನೆಯೆಲ್ಲ ಅಂಕ ಕೊಡುವವರಲ್ಲಿ: ಊರುಗೋಲಿಲ್ಲದೆ ತೊದಲು ಹೆಜ್ಜೆಯಿಟ್ಟು ಬಂದವನಿಗೆ, ಊರುಗೋಲಿಲ್ಲವೆಂಬ ಕಾರಣಕ್ಕಾಗಿ ಅಂಕವನ್ನು ಕಡಿಯಬೇಡಿರಿ.

ಹುಡುಗಿಗೂ ಈ ಭಯ ಬಾರದೆ ಇರಲಿಲ್ಲ. ‘ಇಂಟ್ರೊಡಕ್ಷನ್ ಅಂತ ಹಾಕದೆ ಇದ್ದರೆ ಮಾರ್ಕ್ಸ್ ಹೋಗುತ್ತೆ ತಾತ’ ಎಂದಳು. ಶಿರೋನಾಮೆಯನ್ನು ಧಾರಾಳವಾಗಿ ಹಾಕು, ಅದರ ಕೆಳಗೆ ನಿನ್ನ ಸಂಶಯವನ್ನು ಬರೆ ಎಂದೆನು. ಹಾಗೆಯೇ ಬರೆದು ಶಾಲೆಗೆ ಒಯ್ದಳು. ಮರುವಾರ ಪುಸ್ತಕವನ್ನು ತಂದು ತೋರಿಸಿದಾಗ, ಕಾಗುಣಿತದ ತಪ್ಪುಗಳಿಗೆ ಎರಡು ಕಡೆ ಕೆಂಪು ಗೆರೆಯಿತ್ತು. ಮೂರು ಶಿರೋನಾಮೆಗಳಿಗೂ ಸರಿಯೆಂಬ ಗುರುತಿತ್ತು. ಸಂಜೆ ಇನ್ನೊಂದು ಗಂಟೆ ತೆರೆದಿರಬೇಕೆಂಬ ಕೊನೆಯ ವಾಕ್ಯದ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು. ಅದಕ್ಕೆ ಏನರ್ಥವೆಂದು ಅವಳು ನನ್ನನ್ನು ಕೇಳಿದಳು. ಸೋಮವಾರ ನಿಮ್ಮ ಮಿಸ್ಸನ್ನೇ ಕೇಳಿಕೊಂಡು ಬಾ ಎಂದು ಹೇಳಿ ಕಳುಹಿಸಿದ್ದೇನೆ.